ಅದಿರಿನ ಧೂಳಿನಲ್ಲಿ ದುಡಿಯುವ ಯಂತ್ರಗಳ ಬೆಲ್ಟ್ ಟೆನ್ಷನರ್ ದುರಸ್ತಿ

ಸಂಡೂರಿನ ಗುಡ್ಡಗಳಿಂದ ತೋರಣಗಲ್ಲಿನ ಕಡೆಗೆ ಅದಿರು ಸಾಗುವ ದಾರಿಯ ಆಚೀಚೆ ಇರುವ ಸ್ಟಾಕ್‌ಯಾರ್ಡ್‌ಗಳಲ್ಲಿ ಯಾವುದೇ ಲೋಡರಿನ ಬಾನೆಟ್ ಎತ್ತಿದರೂ ಮೊದಲು ಕಣ್ಣಿಗೆ ಬೀಳುವುದು ಕೆಂಪು ಧೂಳು. ಆ ಧೂಳಿನ ಕೆಳಗೆ, ಎಂಜಿನ್ನಿನ ಮುಂಭಾಗದಲ್ಲಿ, ಆಲ್ಟರ್ನೇಟರ್, ವಾಟರ್ ಪಂಪ್, ಎಸಿ ಕಂಪ್ರೆಸರ್‌ಗಳನ್ನೆಲ್ಲ ತಿರುಗಿಸುವ ಒಂದೇ ಬೆಲ್ಟು ಮತ್ತು ಅದನ್ನು ಸದಾ ಬಿಗಿಯಾಗಿ ಹಿಡಿದಿರುವ ಟೆನ್ಷನರ್ ಇರುತ್ತವೆ. ಬೆಲ್ಟು ಹರಿದರೆ ಹೊಸದನ್ನು ಹಾಕಿ ಯಂತ್ರವನ್ನು ಕೆಲಸಕ್ಕೆ ಕಳುಹಿಸುವುದು ನಮ್ಮಲ್ಲಿ ನಡೆದುಬಂದ ರೂಢಿ. ಆದರೆ ಎರಡು ತಿಂಗಳಲ್ಲಿ ಎರಡನೆಯ ಬೆಲ್ಟು ಹರಿಯಿತು ಎಂದಾದರೆ ದೋಷ ಬಹುತೇಕ ಬೆಲ್ಟಿನದಲ್ಲ, ಅದನ್ನು ಹಿಡಿದ ಟೆನ್ಷನರಿನದು. ಈ ಲೇಖನದಲ್ಲಿ ಆ ಟೆನ್ಷನರನ್ನು ಪರೀಕ್ಷಿಸುವುದು, ದುರಸ್ತಿ ಮಾಡುವುದು, ದುರಸ್ತಿಗೆ ಒಗ್ಗದಿದ್ದರೆ ಬದಲಾಯಿಸುವುದು ಹೇಗೆ ಎಂಬುದನ್ನು ಕ್ರಮವಾಗಿ ವಿವರಿಸಿದ್ದೇನೆ.

ಒಮ್ಮೆ ಒಂದು ಯಾರ್ಡಿನಿಂದ ನನಗೆ ಕರೆ ಬಂದಾಗ ಅಲ್ಲಿಯ ಲೋಡರಿಗೆ ಆರು ವಾರಗಳಲ್ಲಿ ಮೂರು ಬೆಲ್ಟುಗಳನ್ನು ಹಾಕಿ ಆಗಿತ್ತು. ಮೂರೂ ಒಂದೇ ರೀತಿ ಸವೆದಿದ್ದವು. ಎಂಜಿನ್ನಿನ ಕಡೆಯ ಅಂಚು ದಾರದಾರವಾಗಿ ಬಿಚ್ಚಿಕೊಂಡಿತ್ತು, ಹೊರಗಿನ ಅಂಚು ಹೊಸದರಂತೆಯೇ ಇತ್ತು. ಎಂಜಿನ್ ನಿಲ್ಲಿಸಿ ಟೆನ್ಷನರಿನ ಪುಲ್ಲಿಯನ್ನು ಎರಡು ಬೆರಳಿನಿಂದ ಹಿಡಿದು ಹಿಂದೆ ಮುಂದೆ ಅಲುಗಾಡಿಸಿದಾಗ ಅದರ ಅಂಚು ಸುಮಾರು 3 ಮಿ.ಮೀ. ಓಲಾಡಿತು. ಪುಲ್ಲಿಯ ಬೇರಿಂಗ್ ಗಟ್ಟಿಯಾಗಿಯೇ ಇತ್ತು, ಪುಲ್ಲಿಯನ್ನು ಹೊತ್ತ ತೋಳು ತಿರುಗುವ ಕೀಲಿನ ಬುಶ್ (ಕೀಲಿನೊಳಗಿನ ಬಳೆ) ಸವೆದು ತೋಳು ವಾಲಿತ್ತು. ವಾಲಿದ ತೋಳಿನ ಪುಲ್ಲಿ ಬೆಲ್ಟನ್ನು ಪ್ರತಿ ಸುತ್ತಿಗೂ ಒಂದು ಮಗ್ಗುಲಿಗೆ ತಳ್ಳುತ್ತಿತ್ತು. ಮೂರು ಬೆಲ್ಟು ಹಾಕಿದವರಲ್ಲಿ ಯಾರೊಬ್ಬರೂ ಆ ಪುಲ್ಲಿಯನ್ನು ಕೈಯಿಂದ ಅಲುಗಾಡಿಸಿ ನೋಡಿರಲಿಲ್ಲ.

ಟೆನ್ಷನರ್ ಮಾಡುವ ಕೆಲಸ

ಈಗಿನ ಬಹುತೇಕ ಎಂಜಿನ್‌ಗಳಲ್ಲಿ ಇರುವುದು ತಾನಾಗಿ ಬಿಗಿ ಹಿಡಿಯುವ ಟೆನ್ಷನರ್. ಇದರ ಮೈ ಅಲ್ಯುಮಿನಿಯಂ ಎರಕದ್ದು. ಒಳಗೆ ತಿರುಚಿ ಕೂರಿಸಿದ ಬಲವಾದ ಸುರುಳಿ ಸ್ಪ್ರಿಂಗ್ ಇರುತ್ತದೆ. ಆ ಸ್ಪ್ರಿಂಗ್ ಒಂದು ತೋಳನ್ನು ಬೆಲ್ಟಿನ ಕಡೆಗೆ ಒತ್ತುತ್ತದೆ. ತೋಳಿನ ತುದಿಯಲ್ಲಿ ಬೇರಿಂಗ್ ಇರುವ ಪುಲ್ಲಿ ತಿರುಗುತ್ತದೆ. ಬೆಲ್ಟು ಬಿಸಿಗೆ ಹಿಗ್ಗಿದರೂ, ದಿನಗಳೆದಂತೆ ಉದ್ದವಾದರೂ, ಎಸಿ ಕಂಪ್ರೆಸರ್ ಹಠಾತ್ತನೆ ಭಾರ ಎಳೆದರೂ ತೋಳು ಅಷ್ಟಷ್ಟೇ ಸರಿದು ಬಿಗಿಯನ್ನು ಕಾಯ್ದುಕೊಳ್ಳುತ್ತದೆ. ಸ್ಪ್ರಿಂಗಿನ ಜೊತೆಗೆ ಒಳಗೊಂದು ಘರ್ಷಣೆಯ ಪ್ಯಾಡ್ ಸಹ ಇರುತ್ತದೆ. ಡೀಸೆಲ್ ಎಂಜಿನ್ನಿನ ಪ್ರತಿ ಸ್ಫೋಟದ ಹೊಡೆತಕ್ಕೆ ತೋಳು ಕುಣಿಯದಂತೆ ತಡೆಯುವುದು ಅದರ ಕೆಲಸ.

ಆ ಸಣ್ಣ ಪುಲ್ಲಿಯ ಮೇಲೆ ಬೀಳುವ ದುಡಿಮೆ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಕ್ರ್ಯಾಂಕಿನ ಪುಲ್ಲಿಯ ವ್ಯಾಸ 200 ಮಿ.ಮೀ., ಟೆನ್ಷನರ್ ಪುಲ್ಲಿಯದು 75 ಮಿ.ಮೀ. ಎಂದುಕೊಳ್ಳೋಣ. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಟೆನ್ಷನರ್ ಪುಲ್ಲಿ 5300ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಹತ್ತು ಗಂಟೆಯ ಒಂದು ಪಾಳಿಯಲ್ಲಿ ಅದು 32 ಲಕ್ಷ ಸುತ್ತು. ಬೇರಿಂಗಿನ ರಬ್ಬರ್ ಸೀಲಿನಲ್ಲಿ ಕೂದಲೆಳೆಯಷ್ಟು ಸಂದು ಬಿದ್ದರೂ ಸಾಕು, ಅದಿರಿನ ಪುಡಿ ಒಳಸೇರಿ ಗ್ರೀಸಿನೊಂದಿಗೆ ಕಲಸಿ ಅರೆಯುವ ಲೇಪದಂತೆ ಆಗುತ್ತದೆ. ಬಯಲುಸೀಮೆಯ ರಸ್ತೆ ಕೆಲಸದಲ್ಲಿ ವರ್ಷಗಟ್ಟಲೆ ಬಾಳುವ ಬೇರಿಂಗ್ ಅದಿರಿನ ರಾಶಿಯ ಪಕ್ಕದಲ್ಲಿ ಬೇಗ ಸೋಲುವುದಕ್ಕೆ ಕಾರಣ ಇದೇ.

ಕೈ ಹಾಕುವ ಮೊದಲು

ಯಂತ್ರವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಬಕೆಟ್ಟನ್ನು ನೆಲಕ್ಕೆ ಪೂರ್ತಿ ಇಳಿಸಿ, ಪಾರ್ಕಿಂಗ್ ಬ್ರೇಕ್ ಎಳೆದು, ಚಕ್ರದ ಯಂತ್ರವಾದರೆ ಚಕ್ರಗಳ ಹಿಂದೆ ಮುಂದೆ ಅಡೆ ಕೊಡಬೇಕು. ಎಂಜಿನ್ ನಿಲ್ಲಿಸಿ ಕೀಲಿಯನ್ನು ತೆಗೆದು ನಿಮ್ಮ ಜೇಬಿನಲ್ಲಿಯೇ ಇಟ್ಟುಕೊಳ್ಳಿ. ಬ್ಯಾಟರಿಯ ಮೇನ್ ಸ್ವಿಚ್ ಇದ್ದರೆ ಆರಿಸಿ, ಇಲ್ಲದಿದ್ದರೆ ಮೈನಸ್ ತಂತಿಯನ್ನು ಬಿಚ್ಚಿ. ‘ಕೆಲಸ ನಡೆಯುತ್ತಿದೆ, ಚಾಲೂ ಮಾಡಬೇಡಿ’ ಎಂದು ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಸ್ಟೇರಿಂಗಿಗೆ ಕಟ್ಟಿ. ಪಾಳಿ ಬದಲಾಗುವ ಹೊತ್ತಿನಲ್ಲಿ ಹೊಸ ಆಪರೇಟರ್ ಬಂದು, ಮುಂದೆ ಯಾರಿದ್ದಾರೆಂದು ನೋಡದೆ ಕ್ಯಾಬಿನ್ ಹತ್ತುವುದು ಯಾರ್ಡುಗಳಲ್ಲಿ ಸಾಮಾನ್ಯ. ಆದ್ದರಿಂದ ಈ ರಟ್ಟು ಕಟ್ಟುವುದನ್ನು ಒಂದು ದಿನವೂ ಬಿಡಬಾರದು.

ಬಳ್ಳಾರಿಯ ಬೇಸಿಗೆಯಲ್ಲಿ ನೆರಳಿನಲ್ಲಿಯೇ 40 ಡಿಗ್ರಿ ದಾಟುವಾಗ ಎಂಜಿನ್ನಿನ ಮುಂಭಾಗ ಬೇಗ ಆರುವುದಿಲ್ಲ. ಕನಿಷ್ಠ ಒಂದು ಗಂಟೆ ಬಿಡುವುದು ಒಳ್ಳೆಯದು. ಸಡಿಲ ತೋಳಿನ ಅಂಗಿ, ಕೊರಳಿನ ಟವೆಲ್ಲು, ಕೈಯ ಕಡಗ, ಉಂಗುರ ಇವುಗಳನ್ನೆಲ್ಲ ತೆಗೆದಿಟ್ಟು ಕೆಲಸಕ್ಕೆ ನಿಲ್ಲಬೇಕು.

ದೋಷವನ್ನು ಹುಡುಕುವುದು

ಕೆಲವು ಲಕ್ಷಣಗಳು ಎಂಜಿನ್ ಓಡುವಾಗಲೇ ತಿಳಿಯುತ್ತವೆ. ಮೊದಲು ಎಲ್ಲ ಗಾರ್ಡುಗಳೂ ಜಾಗದಲ್ಲಿರುವಾಗ, ದೂರ ನಿಂತು ನೋಡಬೇಕು. ಐಡ್ಲಿಂಗ್‌ನಲ್ಲಿ ಟೆನ್ಷನರಿನ ತೋಳು ಬಹುತೇಕ ಸ್ಥಿರವಾಗಿರಬೇಕು, ಅಥವಾ ಸಣ್ಣಗೆ ನಡುಗುತ್ತಿರಬೇಕು. ಅದು ಕಣ್ಣಿಗೆ ಕಾಣುವಂತೆ ಹಾರುತ್ತಿದ್ದರೆ ಒಳಗಿನ ಪ್ಯಾಡ್ ಸವೆದಿದೆ ಎಂದು ತಿಳಿಯಬಹುದು. ಆಲ್ಟರ್ನೇಟರಿಗೆ ಒಂದೇ ದಿಕ್ಕಿಗೆ ಹಿಡಿಯುವ ಪುಲ್ಲಿ ಇರುವ ಎಂಜಿನ್‌ಗಳಲ್ಲಿ ಆ ಪುಲ್ಲಿ ಕೆಟ್ಟಾಗಲೂ ತೋಳು ಹೀಗೆಯೇ ಹಾರುತ್ತದೆ, ಆದ್ದರಿಂದ ಟೆನ್ಷನರನ್ನು ದೂರುವ ಮೊದಲು ಅದನ್ನೂ ಪರೀಕ್ಷಿಸಬೇಕು.

ಕೀಚಲು ಸದ್ದು ಬರುತ್ತಿದ್ದರೆ ನೀರಿನ ಪರೀಕ್ಷೆ ಬಹಳ ಉಪಯುಕ್ತ. ಸ್ಪ್ರೇ ಬಾಟಲಿಯಿಂದ, ಕೈಯನ್ನು ಬೆಲ್ಟಿನಿಂದ ದೂರ ಇಟ್ಟುಕೊಂಡು, ಗೆರೆಗಳಿರುವ ಮುಖದ ಮೇಲೆ ಸ್ವಲ್ಪ ನೀರು ಸಿಂಪಡಿಸಿ. ಸದ್ದು ಕ್ಷಣಕಾಲ ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ನೇರದಲ್ಲಿಲ್ಲ. ಸದ್ದು ಇನ್ನಷ್ಟು ಜೋರಾದರೆ ಬಿಗಿ ಸಾಲದೆ ಬೆಲ್ಟು ಜಾರುತ್ತಿದೆ. ಸದ್ದಿಗೆ ಮದ್ದೆಂದು ಸಾಬೂನು, ರಾಳ ಅಥವಾ ಡೀಸೆಲನ್ನು ಬೆಲ್ಟಿಗೆ ಹಚ್ಚುವ ಅಭ್ಯಾಸವನ್ನು ನಾನು ಬಹಳ ಕಡೆ ಕಂಡಿದ್ದೇನೆ, ದಯವಿಟ್ಟು ಅದನ್ನು ಬಿಡಿ. ಸಾಬೂನು, ರಾಳ ಎರಡೂ ಧೂಳನ್ನು ಹಿಡಿದಿಟ್ಟುಕೊಳ್ಳುತ್ತವೆ, ಡೀಸೆಲ್ ರಬ್ಬರನ್ನು ಊದಿಸಿ ಮೆತ್ತಗೆ ಮಾಡುತ್ತದೆ. ಎರಡು ದಿನದ ಮೌನಕ್ಕಾಗಿ ಒಂದು ಬೆಲ್ಟು ಹಾಳಾಗುತ್ತದೆ.

ಇನ್ನು ನಮ್ಮ ಜಿಲ್ಲೆಗೇ ವಿಶೇಷವಾದ ಒಂದು ಮಾತನ್ನು ಇಲ್ಲಿ ಹೇಳಬೇಕು. ಟೆನ್ಷನರಿನ ಕೀಲಿನ ಸಂದಿಯಿಂದ ಕೆಂಪು ಪುಡಿ ಹೊರಬಂದಿದ್ದರೆ ಒಳಗೆ ಸವೆತವಾಗಿದೆ ಎಂದು ತಿಳಿಯುವುದು ಎಲ್ಲೆಡೆ ಮೆಕ್ಯಾನಿಕ್‌ಗಳು ಕಲಿಯುವ ಪಾಠ. ಆದರೆ ಸಂಡೂರಿನ ಧೂಳಿನಲ್ಲಿ ಇಡೀ ಎಂಜಿನ್ನೇ ಕೆಂಪಾಗಿರುವಾಗ ಆ ಪಾಠ ಉಪಯೋಗಕ್ಕೆ ಬರುವುದಿಲ್ಲ. ಉಕ್ಕಿನ ಎರಡು ಭಾಗಗಳು ಸೂಕ್ಷ್ಮವಾಗಿ ಉಜ್ಜಿಕೊಂಡಾಗ ಉದುರುವ ಪುಡಿಯೂ ನಮ್ಮ ಹೆಮಟೈಟ್ ಅದಿರೂ ರಾಸಾಯನಿಕವಾಗಿ ಒಂದೇ ಕಬ್ಬಿಣದ ಆಕ್ಸೈಡ್. ಬಣ್ಣ ನೋಡಿ ಬೇರ್ಪಡಿಸಲು ಸಾಧ್ಯವೇ ಇಲ್ಲ, ಆದ್ದರಿಂದ ಅದು ಎಲ್ಲಿ, ಹೇಗೆ ಕೂತಿದೆ ಎಂಬುದನ್ನು ನೋಡಬೇಕು. ಗಾಳಿಯಿಂದ ಬಂದ ಅದಿರಿನ ಧೂಳು ಮೇಲ್ಮುಖವಾದ ಭಾಗಗಳ ಮೇಲೆ ಸಮನಾಗಿ ಹಾಸಿಕೊಂಡಿರುತ್ತದೆ. ಒಳಗಿನಿಂದ ಬಂದ ಪುಡಿ ಸಂದಿನಿಂದ ಹೊರಟು, ಕೆಳಮುಖವಾದ ಭಾಗದಲ್ಲಿಯೂ ಗೀರಿನಂತೆ ಚಾಚಿಕೊಂಡಿರುತ್ತದೆ. ಅಲ್ಯುಮಿನಿಯಂ ಮೈಯೇ ಸವೆಯುತ್ತಿದ್ದರೆ ಆ ಗೀರು ಕಪ್ಪು ಬೂದಿ ಬಣ್ಣದ್ದಾಗಿರುತ್ತದೆ, ಕೆಂಪಿನ ನಡುವೆ ಅದು ಬೇಗ ಗುರುತು ಸಿಗುತ್ತದೆ.

ಅನುಮಾನ ಉಳಿದರೆ ಟೆನ್ಷನರನ್ನು ಒಣ ಬ್ರಷ್ಷಿನಿಂದ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ಕೀಲಿನ ಸಂದಿನ ಸುತ್ತ ಪೂರ್ತಿ ಸ್ವಚ್ಛ ಮಾಡಿ ಒಂದು ಪಾಳಿ ಓಡಿಸಿ ಮತ್ತೆ ನೋಡಿ. ಧೂಳು ಎಲ್ಲೆಡೆ ತೆಳ್ಳಗೆ ಕೂತಿದ್ದರೆ ಚಿಂತೆಯಿಲ್ಲ. ಸಂದಿನ ಬಳಿ ಮಾತ್ರ ಗೀರುಗಳು ಮೂಡಿದ್ದರೆ ಬುಶ್ ಸವೆಯುತ್ತಿದೆ. ಸ್ವಚ್ಛ ಮಾಡುವಾಗ ಹೆಚ್ಚಿನ ಒತ್ತಡದ ನೀರನ್ನಾಗಲಿ ಕಂಪ್ರೆಸರ್ ಗಾಳಿಯನ್ನಾಗಲಿ ನೇರವಾಗಿ ಬೇರಿಂಗಿನ ಸೀಲಿನ ಮೇಲೆ ಬಿಡಬೇಡಿ, ಅದು ಹೊರಗಿನ ಪುಡಿಯನ್ನು ಸೀಲಿನ ಒಳಗೆ ತಳ್ಳುತ್ತದೆ. ವಾರಕ್ಕೊಮ್ಮೆ ಪ್ರೆಶರ್ ಪಂಪಿನಿಂದ ತೊಳೆಯುವ ಯಂತ್ರಗಳಲ್ಲಿಯೇ ಬೇರಿಂಗ್ ಬೇಗ ಹೋಗುವುದನ್ನು ನಾನು ಕಂಡಿದ್ದೇನೆ.

ಬೆಲ್ಟು ಬಿಚ್ಚುವುದು

ಮೊದಲು ಬೆಲ್ಟು ಯಾವ ಪುಲ್ಲಿಯ ಮೇಲಿನಿಂದ ಹೋಗಿ ಯಾವುದರ ಕೆಳಗಿನಿಂದ ಬಂದಿದೆ ಎಂಬುದನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಟೆನ್ಷನರಿನ ಮೈಗೂ ತೋಳಿಗೂ ಸೇರಿದಂತೆ ಬಿಳಿ ಪೇಂಟ್ ಮಾರ್ಕರಿನಿಂದ ಒಂದು ಗೆರೆ ಎಳೆಯಿರಿ. ಈಗಿನ ಬೆಲ್ಟಿನೊಂದಿಗೆ ತೋಳು ಎಲ್ಲಿ ನಿಂತಿದೆ ಎಂಬುದಕ್ಕೆ ಅದು ಸಾಕ್ಷಿ. ಬಹಳಷ್ಟು ಟೆನ್ಷನರ್‌ಗಳ ಮೈಮೇಲೆ ಎರಕದಲ್ಲಿಯೇ ಮಿತಿಯ ಗುರುತುಗಳಿರುತ್ತವೆ. ತೋಳಿನ ಮೊನೆ ಆ ಮಿತಿಯ ಕೊನೆಗೆ ಬಂದು ತಾಕಿದ್ದರೆ ಬೆಲ್ಟು ಉದ್ದವಾಗಿದೆ, ಅಥವಾ ಅಂಗಡಿಯವರು ತಪ್ಪು ಅಳತೆಯದನ್ನು ಕೊಟ್ಟಿದ್ದಾರೆ.

ತೋಳನ್ನು ಹಿಂದಕ್ಕೆ ತಿರುಗಿಸಲು ಅದರ ಮೇಲೆ ಚೌಕಾಕಾರದ ರಂಧ್ರ ಇರುತ್ತದೆ, ಸಾಮಾನ್ಯವಾಗಿ ಅರ್ಧ ಇಂಚು ಅಥವಾ 3/8 ಇಂಚಿನ ಡ್ರೈವಿಗೆ ಹೊಂದುವಂಥದ್ದು. ಕೆಲವದರಲ್ಲಿ ರಂಧ್ರದ ಬದಲು ಪುಲ್ಲಿಯ ನಡುವಿನ ಬೋಲ್ಟಿಗೆ ಸಾಕೆಟ್ ಹಾಕಿ ತಿರುಗಿಸಬೇಕು. ಉದ್ದ ಹಿಡಿಯ ಬ್ರೇಕರ್ ಬಾರನ್ನು ಪೂರ್ತಿ ಒಳಕ್ಕೆ ಕೂರಿಸಿ, ಬೆಲ್ಟಿನಿಂದ ಪುಲ್ಲಿ ದೂರ ಸರಿಯುವ ದಿಕ್ಕಿಗೆ ನಿಧಾನವಾಗಿ ಒತ್ತಿ ಹಿಡಿದು, ಇನ್ನೊಬ್ಬರಿಂದ ಬೆಲ್ಟನ್ನು ಸುಲಭವಾಗಿ ಸಿಗುವ ಪುಲ್ಲಿಯಿಂದ ಜಾರಿಸಿ ತೆಗೆಸಿ, ಆಮೇಲೆ ತೋಳನ್ನು ಅಷ್ಟೇ ನಿಧಾನವಾಗಿ ಬಿಡಬೇಕು. ಫಟ್ಟನೆ ಬಿಟ್ಟರೆ ತೋಳು ತನ್ನ ತಡೆಗೆ ಅಪ್ಪಳಿಸಿ ಒಳಗಿನ ಪ್ಯಾಡನ್ನೂ ತಡೆಯ ಮೊನೆಯನ್ನೂ ಮುರಿಯಬಲ್ಲದು. ನಾನು ಹೆಲ್ಪರ್ ಆಗಿದ್ದ ಕಾಲದಲ್ಲಿ ಅರ್ಧ ಮಾತ್ರ ಕೂತಿದ್ದ ಬಾರು ಜಾರಿ, ಕೈ ರೇಡಿಯೇಟರಿನ ಅಂಚಿಗೆ ಬಡಿದು ಮೂರು ಗೆಣ್ಣುಗಳು ಒಡೆದಿದ್ದವು. ಅಂದಿನಿಂದ ಬಾರನ್ನು ಒತ್ತುವ ಮೊದಲು ಅದು ಜಾರಿದರೆ ಕೈ ಎಲ್ಲಿಗೆ ಹೋಗುತ್ತದೆ ಎಂದು ನೋಡಿಯೇ ಒತ್ತುತ್ತೇನೆ. ರ‍್ಯಾಚೆಟ್ಟಿಗೆ ಪೈಪು ತೂರಿಸಿ ಉದ್ದ ಮಾಡುವುದಂತೂ ಬೇಡವೇ ಬೇಡ.

ಬೆಲ್ಟಿಲ್ಲದಾಗ ಮಾಡುವ ಪರೀಕ್ಷೆ

ಬೆಲ್ಟು ಕಳಚಿದ ಮೇಲೆ ಪ್ರತಿಯೊಂದು ಪುಲ್ಲಿಯನ್ನೂ ಕೈಯಿಂದ ತಿರುಗಿಸಬೇಕು. ಟೆನ್ಷನರ್ ಪುಲ್ಲಿಗೆ ಒಂದು ತಿರುವು ಕೊಟ್ಟು ಕಿವಿಯನ್ನು ಹತ್ತಿರ ತನ್ನಿ. ಒಳ್ಳೆಯ ಬೇರಿಂಗ್ ಗ್ರೀಸಿನ ಸಣ್ಣ ಎಳೆತದೊಂದಿಗೆ ಸದ್ದಿಲ್ಲದೆ ಒಂದೆರಡು ಸುತ್ತು ತಿರುಗಿ ನಿಲ್ಲುತ್ತದೆ. ಸೈಕಲ್ ಚಕ್ರದಂತೆ ಬಹಳ ಹೊತ್ತು ಸರಾಗವಾಗಿ ತಿರುಗುತ್ತಿದ್ದರೆ ಹಿಗ್ಗಬೇಡಿ, ಒಳಗೆ ಗ್ರೀಸ್ ಒಣಗಿದೆ ಎಂದರ್ಥ. ಮರಳು ಅರೆದಂತೆ ಗರಗರ ಸದ್ದು ಬಂದರೆ, ಅಥವಾ ಬೆರಳಿಗೆ ಹಲ್ಲುಹಲ್ಲಾಗಿ ತಾಗಿದರೆ ಬೇರಿಂಗ್ ಮುಗಿದಿದೆ. ಬೆಲ್ಟು ಹೊತ್ತಿದ್ದಾಗ ಕೇಳಿಸದ ಈ ಸದ್ದು ಬೆಲ್ಟು ತೆಗೆದಾಗ ಸ್ಪಷ್ಟವಾಗುತ್ತದೆ. ಐಡ್ಲರ್ ಪುಲ್ಲಿ, ವಾಟರ್ ಪಂಪ್, ಫ್ಯಾನ್ ಹಬ್ ಇವುಗಳಿಗೂ ಇದೇ ಪರೀಕ್ಷೆ ಮಾಡಿ. ವಾಟರ್ ಪಂಪಿನ ಶಾಫ್ಟ್ ಅಲುಗಾಡುತ್ತಿದ್ದರೆ ಟೆನ್ಷನರ್ ಎಷ್ಟೇ ಹೊಸದಾದರೂ ಬೆಲ್ಟು ನಿಲ್ಲುವುದಿಲ್ಲ.

ಮುಂದೆ ತೋಳು. ಬಾರು ಹಾಕಿ ತೋಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ಒಯ್ದು ತನ್ನಿ. ಎಲ್ಲಿಯೂ ತಡೆದು ಜಿಗಿಯದೆ, ಒಂದೇ ಬಲದಲ್ಲಿ ಸಾಗಬೇಕು, ಬಿಟ್ಟಾಗ ತಾನಾಗಿ ಪೂರ್ತಿ ಹಿಂದಿರುಗಬೇಕು. ನಡುವೆ ಸಿಕ್ಕಿಕೊಂಡರೆ ಬುಶ್ ಹಿಡಿದಿದೆ. ಬಹಳ ಹಗುರಾಗಿದ್ದರೆ ಸ್ಪ್ರಿಂಗ್ ಸೋತಿದೆ ಅಥವಾ ಮುರಿದಿದೆ. ಬಳಿಕ ಪುಲ್ಲಿಯ ಅಂಚನ್ನು ಹಿಡಿದು ಎಂಜಿನ್ನಿನ ಕಡೆಗೂ ಹೊರಕ್ಕೂ ಅಲುಗಾಡಿಸಿ. ಓಲಾಟ ಬೇರಿಂಗಿನದೋ ಕೀಲಿನದೋ ಎಂದು ತಿಳಿಯಲು ಇನ್ನೊಂದು ಕೈಯ ಬೆರಳನ್ನು ತೋಳಿಗೂ ಮೈಗೂ ನಡುವಿನ ಸಂದಿನ ಮೇಲೆ ಇಡಿ. ತೋಳೇ ಸರಿಯುತ್ತಿದ್ದರೆ ಬೆರಳಿಗೆ ತಿಳಿಯುತ್ತದೆ. ಕೊನೆಗೆ ಒಂದು ನೇರವಾದ ಉಕ್ಕಿನ ಪಟ್ಟಿಯನ್ನು ಪಕ್ಕದ ಪುಲ್ಲಿಯ ಮುಖಕ್ಕೆ ಒತ್ತಿ ಹಿಡಿದು, ಟೆನ್ಷನರ್ ಪುಲ್ಲಿ ಅದಕ್ಕೆ ಸಮಾನಾಂತರವಾಗಿದೆಯೇ ಎಂದು ನೋಡಬೇಕು. ಒಂದು ಕಡೆ ಬೆಳಕಿನ ಸಂದು ಕಂಡರೆ ತೋಳು ವಾಲಿದೆ, ಅಥವಾ ಬ್ರ್ಯಾಕೆಟ್ ಬಾಗಿದೆ.

ಯಾವುದನ್ನು ದುರಸ್ತಿ ಮಾಡಬಹುದು, ಯಾವುದನ್ನು ಮಾಡಬಾರದು

ಇಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಪುಲ್ಲಿಯ ಬೇರಿಂಗ್ ಮಾತ್ರ ಹೋಗಿ ತೋಳು, ಸ್ಪ್ರಿಂಗ್, ಬುಶ್ ಗಟ್ಟಿಯಾಗಿದ್ದರೆ ಬೇರಿಂಗನ್ನು ಅಥವಾ ಪುಲ್ಲಿಯನ್ನು ಬದಲಿಸಿ ಮುಂದುವರಿಯಬಹುದು. ಆದರೆ ಮುಚ್ಚಿದ ಮೈಯ ಟೆನ್ಷನರಿನ ಬುಶ್, ಪ್ಯಾಡ್, ಸ್ಪ್ರಿಂಗ್ ಇವುಗಳಲ್ಲಿ ಯಾವುದು ಕೆಟ್ಟರೂ ಇಡೀ ಟೆನ್ಷನರನ್ನು ಬದಲಿಸಬೇಕು. ಅದರ ಮೈಯನ್ನು ಉಳಿಯಿಂದ ಬಿಚ್ಚಲು ಹೋದರೆ ಒಳಗೆ ತಿರುಚಿ ಕೂತಿರುವ ಸ್ಪ್ರಿಂಗ್ ಸಿಡಿದು ಕೈಬೆರಳು ಮುರಿಯಬಹುದು, ಕಣ್ಣು ಹೋಗಬಹುದು. ಬಿಚ್ಚಿ ಮತ್ತೆ ಕೂರಿಸಿದರೂ ಮೊದಲಿನ ತಿರುಚಿನ ಬಲ ಬರುವುದಿಲ್ಲ. ಮುರಿದ ಅಲ್ಯುಮಿನಿಯಂ ತೋಳಿಗೆ ವೆಲ್ಡಿಂಗ್ ಮಾಡಿಸುವುದನ್ನೂ ನಾನು ಒಪ್ಪುವುದಿಲ್ಲ. ಹಬ್ಬುವ ಬಿಸಿಗೆ ಸ್ಪ್ರಿಂಗ್ ಮೆತ್ತಗಾಗುತ್ತದೆ, ಬುಶ್ ಕರಗುತ್ತದೆ.

ಹಳೆಯ ಎಂಜಿನ್‌ಗಳಲ್ಲಿಯೂ ಜನರೇಟರ್‌ಗಳಲ್ಲಿಯೂ ಕಾಣುವ, ಪಿನ್ನಿನ ಮೇಲೆ ತಿರುಗುವ ತೋಳು ಮತ್ತು ಬೋಲ್ಟಿನಿಂದ ಬಿಗಿ ಮಾಡುವ ಟೆನ್ಷನರ್‌ಗಳ ಮಾತು ಬೇರೆ. ಅವುಗಳನ್ನು ಬಿಚ್ಚಿ ಕಟ್ಟುವುದಕ್ಕೆಂದೇ ಮಾಡಿರುತ್ತಾರೆ. ಅವುಗಳ ಬುಶ್ ಸವೆದರೆ ಒಳ್ಳೆಯ ಲೇತ್ ಅಂಗಡಿಯಲ್ಲಿ ಗನ್‌ಮೆಟಲ್ ಬುಶ್ ಮಾಡಿಸಿ ಹಾಕಬಹುದು. ಪಿನ್ ಕೂಡ ಸವೆದಿದ್ದರೆ ಅದನ್ನೂ ಜೊತೆಗೆ ಮಾಡಿಸಿ, ಹಳೆಯ ಪಿನ್ನಿಗೆ ಹೊಸ ಬುಶ್ ಹೊಂದಿಸಿದರೆ ಓಲಾಟ ಬೇಗ ಮರಳುತ್ತದೆ. 20 ಮಿ.ಮೀ. ಪಿನ್ನಿಗೆ 0.05ರಿಂದ 0.10 ಮಿ.ಮೀ. ಸಡಿಲ ಸಾಕು, ಒಳಗೆ ಗ್ರೀಸ್ ಹರಿಯುವ ಕಾಲುವೆಯನ್ನೂ ಕೊರೆಸಿರಿ.

ಪುಲ್ಲಿಯ ಬೇರಿಂಗ್ ಬದಲಿಸುವ ಕ್ರಮ

ಪುಲ್ಲಿಯ ನಡುವಿನ ಬೋಲ್ಟನ್ನು ಬಿಚ್ಚುವ ಮೊದಲು ಅದರ ಹಲ್ಲಿನ ದಿಕ್ಕನ್ನು ಖಚಿತಪಡಿಸಿಕೊಳ್ಳಬೇಕು. ಕೆಲವು ಟೆನ್ಷನರ್‌ಗಳಲ್ಲಿ ಅದು ಎಡಮರೆಯದು, ಅಂದರೆ ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಇದು ತಿಳಿಯದೆ ಬಲ ಹಾಕಿ ಬೋಲ್ಟಿನ ತಲೆ ಮುರಿದು, ತೋಳಿನಲ್ಲಿ ಉಳಿದ ತುಂಡಿಗಾಗಿ ಇಡೀ ಟೆನ್ಷನರ್ ಕೊಂಡವರಿದ್ದಾರೆ.

ಬೇರಿಂಗ್ ಸರ್ಕ್ಲಿಪ್ಪಿನಿಂದ ಹಿಡಿದಿದ್ದರೆ ಅದನ್ನು ಇಕ್ಕಳದಿಂದ ತೆಗೆದು, ಪುಲ್ಲಿಯ ಅಂಚಿಗೆ ಗಟ್ಟಿಯಾದ ಆಧಾರ ಕೊಟ್ಟು, ಬೇರಿಂಗನ್ನು ಪ್ರೆಸ್ಸಿನಿಂದ ಒತ್ತಿ ಹೊರತೆಗೆಯಿರಿ. ಬೇರಿಂಗಿನ ಸುತ್ತಲೂ ಎರಕ ಹೊಯ್ದ ಪ್ಲಾಸ್ಟಿಕ್ ಪುಲ್ಲಿಯಾದರೆ ಬೇರಿಂಗ್ ಪ್ರತ್ಯೇಕವಾಗಿ ಬರುವುದಿಲ್ಲ, ಪುಲ್ಲಿಯನ್ನೇ ಬದಲಿಸಬೇಕು. ಹೊರಬಂದ ಬೇರಿಂಗಿನ ಅಂಚಿನ ಮೇಲೆ ಸಂಖ್ಯೆ ಇರುತ್ತದೆ. 6203 ಎಂದಿದ್ದರೆ ಒಳವ್ಯಾಸ 17, ಹೊರವ್ಯಾಸ 40, ದಪ್ಪ 12 ಮಿ.ಮೀ.; 6303 ಎಂದಿದ್ದರೆ ಒಳವ್ಯಾಸ ಅದೇ 17, ಹೊರವ್ಯಾಸ 47, ದಪ್ಪ 14 ಮಿ.ಮೀ. ಕೊನೆಯ ಎರಡು ಅಂಕಿ ಒಳವ್ಯಾಸವನ್ನು ಹೇಳುತ್ತವೆ: 03 ಅಂದರೆ 17, ಅಲ್ಲಿಂದ ಮುಂದೆ 04, 05 ಎಂಬುದನ್ನು ಐದರಿಂದ ಗುಣಿಸಿದರೆ 20, 25 ಎಂದು ಬರುತ್ತದೆ. ಸಂಖ್ಯೆ ಅಳಿಸಿದ್ದರೆ ವರ್ನಿಯರಿನಿಂದ ಮೂರೂ ಅಳತೆ ತೆಗೆದು ಅಂಗಡಿಗೆ ಹೋಗಬಹುದು.

ಸಂಖ್ಯೆಯ ನಂತರದ ಅಕ್ಷರಗಳು ನಮಗೆ ಸಂಖ್ಯೆಯಷ್ಟೇ ಮುಖ್ಯ. ‘ಝಡ್‌ಝಡ್’ ಎಂದಿದ್ದರೆ ಎರಡೂ ಕಡೆ ತಗಡಿನ ಮುಚ್ಚಳ. ಅದು ಒಳ ರಿಂಗಿಗೆ ತಾಗದೆ ಸಣ್ಣ ಸಂದು ಬಿಟ್ಟಿರುತ್ತದೆ. ‘2ಆರ್‌ಎಸ್’ ಎಂದಿದ್ದರೆ ಎರಡೂ ಕಡೆ ರಬ್ಬರ್ ಸೀಲು, ಅದು ಒಳ ರಿಂಗಿಗೆ ತಾಗಿಕೊಂಡು ಧೂಳನ್ನು ತಡೆಯುತ್ತದೆ. ಅದಿರಿನ ಯಾರ್ಡಿಗೆ ರಬ್ಬರ್ ಸೀಲಿನದೇ ಬೇಕು. ಅಂಗಡಿಯಲ್ಲಿ ‘ಎರಡೂ ಒಂದೇ ಸೈಜು, ಇದೇ ತಗೊಳ್ಳಿ’ ಎಂದು ತಗಡಿನದನ್ನು ಕೊಟ್ಟರೆ ಒಪ್ಪಬೇಡಿ. ‘ಸಿ3’ ಎಂಬುದು ಒಳಗಿನ ಸಡಿಲ ಸಾಮಾನ್ಯಕ್ಕಿಂತ ಹೆಚ್ಚು ಎಂಬ ಗುರುತು. ಹಳೆಯ ಬೇರಿಂಗಿನ ಮೇಲೆ ಅದಿದ್ದರೆ ಹೊಸದರಲ್ಲಿಯೂ ಇರಬೇಕು. ಬಿಸಿಯಲ್ಲಿ ಬೇರಿಂಗ್ ಬಿಗಿದುಕೊಳ್ಳದಿರಲಿ ಎಂದೇ ಅದನ್ನು ಆರಿಸಿರುತ್ತಾರೆ. ಸೀಲನ್ನು ಸೂಜಿಯಿಂದ ಎತ್ತಿ ಹೊಸ ಗ್ರೀಸ್ ತುಂಬಿ ಹಳೆಯ ಬೇರಿಂಗನ್ನೇ ಓಡಿಸುವುದರಿಂದ ಉಪಯೋಗವಿಲ್ಲ, ಒಮ್ಮೆ ಎತ್ತಿದ ಸೀಲಿನ ತುಟಿ ಮೊದಲಿನಂತೆ ಕೂರುವುದಿಲ್ಲ.

ಹೊಸ ಬೇರಿಂಗನ್ನು ಪುಲ್ಲಿಯೊಳಗೆ ಕೂರಿಸುವಾಗ ಒತ್ತಡ ಹೊರ ರಿಂಗಿನ ಮೇಲೆ ಮಾತ್ರ ಬೀಳಬೇಕು. ಹೊರ ರಿಂಗಿಗೆ ಸರಿಹೊಂದುವ ಸಾಕೆಟ್ಟನ್ನೋ ಪೈಪಿನ ತುಂಡನ್ನೋ ಇಟ್ಟು ಪ್ರೆಸ್ಸಿನಿಂದ, ಅದಿಲ್ಲದಿದ್ದರೆ ಬೆಂಚ್ ವೈಸಿನಿಂದ ನೇರವಾಗಿ ಒತ್ತಿ. ಒಳ ರಿಂಗಿಗೆ ಸುತ್ತಿಗೆಯ ಪೆಟ್ಟು ಕೊಟ್ಟರೆ ಆ ಪೆಟ್ಟು ಗುಂಡುಗಳ ಮೂಲಕ ಹಾದು, ಅವು ಓಡುವ ಹಾದಿಯ ಮೇಲೆ ಸಣ್ಣ ಕುಳಿಗಳನ್ನು ಮಾಡುತ್ತದೆ. ಹೊಸ ಬೇರಿಂಗ್ ಹಾಕಿದ ಮಾರನೆಯ ದಿನವೇ ಸದ್ದು ಮಾಡುವುದು ಬಹಳ ಸಲ ಇದೇ ಕಾರಣಕ್ಕೆ. ಉಕ್ಕಿನ ಪುಲ್ಲಿಯನ್ನು ಬಿಸಿ ನೀರಿನಷ್ಟು ಬಿಸಿ ಮಾಡಿಕೊಂಡರೆ ಬೇರಿಂಗ್ ಸುಲಭವಾಗಿ ಇಳಿಯುತ್ತದೆ. ಪ್ಲಾಸ್ಟಿಕ್ ಪುಲ್ಲಿಗೆ ಗ್ಯಾಸ್ ಕಟರಿನ ಜ್ವಾಲೆಯನ್ನು ತೋರಿಸಲೇಬಾರದು.

ಹೊಸ ಟೆನ್ಷನರ್ ಕೂರಿಸುವುದು

ಬ್ರ್ಯಾಕೆಟ್ಟಿನ ಮುಖವನ್ನು ಸ್ವಚ್ಛವಾಗಿ ಕೆರೆದು ಒರೆಸಿ, ಬೋಲ್ಟಿನ ರಂಧ್ರದಲ್ಲಿ ಕೂತ ಅದಿರಿನ ಪುಡಿಯನ್ನು ಪೂರ್ತಿ ತೆಗೆಯಿರಿ. ತಳದಲ್ಲಿ ಪುಡಿ ಉಳಿದರೆ ಬೋಲ್ಟು ಬಿಗಿಯಾದಂತೆ ಅನ್ನಿಸುತ್ತದೆ, ಟೆನ್ಷನರ್ ಮಾತ್ರ ಬಿಗಿಯಾಗಿರುವುದಿಲ್ಲ. ಟೆನ್ಷನರಿನ ಬೆನ್ನಿನಲ್ಲಿ ಒಂದು ಸಣ್ಣ ಮೊನೆ ಇರುತ್ತದೆ, ಅದು ಬ್ರ್ಯಾಕೆಟ್ಟಿನ ರಂಧ್ರದಲ್ಲಿ ಕೂತು ಮೈ ತಿರುಗದಂತೆ ತಡೆಯುತ್ತದೆ. ಮೊನೆ ರಂಧ್ರಕ್ಕೆ ಇಳಿದಿದೆ ಎಂದು ಕೈಯಿಂದ ಒತ್ತಿ ಖಚಿತಪಡಿಸಿಕೊಂಡು, ಬೋಲ್ಟನ್ನು ಮೊದಲು ಬೆರಳಿನಿಂದಲೇ ನಾಲ್ಕೈದು ಸುತ್ತು ತಿರುಗಿಸಿ, ಆಮೇಲೆ ಟಾರ್ಕ್ ರೆಂಚಿನಿಂದ ಬಿಗಿ ಮಾಡಬೇಕು. ಮೊನೆ ರಂಧ್ರದ ಹೊರಗಿರುವಾಗಲೇ ಬಿಗಿ ಮಾಡಿದರೆ ಅಲ್ಯುಮಿನಿಯಂ ಮೈ ಸೀಳುತ್ತದೆ. ಬಿಗಿಯ ಅಳತೆಯನ್ನು ಆಯಾ ಯಂತ್ರದ ಸರ್ವಿಸ್ ಪುಸ್ತಕದಿಂದಲೇ ತೆಗೆದುಕೊಳ್ಳಬೇಕು. ಪುಸ್ತಕ ‘ನ್ಯೂಟನ್ ಮೀಟರ್’ನಲ್ಲಿ ಹೇಳಿ ನಿಮ್ಮ ರೆಂಚು ‘ಕೆ.ಜಿ. ಮೀಟರ್’ನಲ್ಲಿ ತೋರಿಸುತ್ತಿದ್ದರೆ ಪುಸ್ತಕದ ಅಂಕಿಯನ್ನು 9.8ರಿಂದ ಭಾಗಿಸಿ. ಇಂಪ್ಯಾಕ್ಟ್ ಗನ್ನನ್ನು ಇಲ್ಲಿ ಉಪಯೋಗಿಸಬೇಡಿ.

ಬೆಲ್ಟು ಕೊಳ್ಳುವಾಗ ಹಳೆಯದರ ಬೆನ್ನಿನ ಸಂಖ್ಯೆಯನ್ನು ಓದಿಕೊಳ್ಳಿ. ‘8ಪಿಕೆ1550’ ಎಂದರೆ ಎಂಟು ಗೆರೆ, 1550 ಮಿ.ಮೀ. ಉದ್ದ. ಹತ್ತಿಪ್ಪತ್ತು ಮಿ.ಮೀ. ವ್ಯತ್ಯಾಸ ನಡೆಯುತ್ತದೆ ಎಂದುಕೊಂಡರೆ ತೋಳು ತನ್ನ ಕೆಲಸದ ವ್ಯಾಪ್ತಿಯ ಅಂಚಿಗೆ ಹೋಗಿ ನಿಲ್ಲುತ್ತದೆ. ಈಚಿನ ಇಪಿಡಿಎಂ ರಬ್ಬರಿನ ಬೆಲ್ಟುಗಳು ಹಳೆಯವುಗಳಂತೆ ಬಿರುಕು ಬಿಡದೆ ಟೈರಿನಂತೆ ಸವೆಯುತ್ತವೆ. ಬಿರುಕಿಲ್ಲ ಎಂಬ ಕಾರಣಕ್ಕೆ ಹಳೆಯದನ್ನೇ ಹೊಸ ಟೆನ್ಷನರಿಗೆ ಹಾಕಬೇಡಿ, ಗೆರೆಗಳ ನಡುವಿನ ಕಾಲುವೆ ಅಗಲವಾಗಿದೆಯೇ ಎಂದು ಹೊಸ ಬೆಲ್ಟಿನ ಪಕ್ಕದಲ್ಲಿಟ್ಟು ನೋಡಿ.

ಫೋಟೊ ನೋಡಿಕೊಂಡು ಬೆಲ್ಟನ್ನು ಗೆರೆಯುಳ್ಳ ಎಲ್ಲ ಪುಲ್ಲಿಗಳಿಗೂ ಮೊದಲು ಹೊಂದಿಸಿ, ನುಣುಪಾದ ಪುಲ್ಲಿಯನ್ನು ಕೊನೆಗೆ ಬಿಟ್ಟು, ತೋಳನ್ನು ಸರಿಸಿ ಬೆಲ್ಟನ್ನು ಅದರ ಮೇಲೆ ಜಾರಿಸಿ, ತೋಳನ್ನು ನಿಧಾನವಾಗಿ ಬಿಡಿ. ಹೊಸ ಟೆನ್ಷನರಿಗೆ ತೋಳನ್ನು ಹಿಡಿದಿಡುವ ತಡೆಪಿನ್ ಬಂದಿದ್ದರೆ ಅದನ್ನು ತೆಗೆಯಲು ಮರೆಯಬೇಡಿ. ಪ್ರತಿ ಪುಲ್ಲಿಯ ಮೇಲೂ ಬೆರಳಾಡಿಸಿ, ಒಂದು ಗೆರೆ ಪಕ್ಕಕ್ಕೆ ಜರುಗಿ ಕೂತಿಲ್ಲ ಎಂದು ಮುಟ್ಟಿ ನೋಡಿ. ವಾಟರ್ ಪಂಪಿನ ಹಿಂಬದಿಯಂತೆ ಕಣ್ಣಿಗೆ ಕಾಣದ ಜಾಗದಲ್ಲಿಯೇ ಈ ತಪ್ಪು ಆಗುವುದು. ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಮತ್ತೆ ನೋಡಿದ ಮೇಲೆಯೇ ಬ್ಯಾಟರಿ ಜೋಡಿಸಬೇಕು.

ಹಾರ್ವೆಸ್ಟರ್ ಇಟ್ಟುಕೊಂಡವರಿಗೆ

ಸಿಂಧನೂರು, ಗಂಗಾವತಿ ಭಾಗದ ಭತ್ತದ ಕಟಾವಿನಲ್ಲಿ ಓಡುವ ಹಾರ್ವೆಸ್ಟರ್‌ಗಳ ಡ್ರೈವ್ ಬೆಲ್ಟುಗಳು ಹೆಚ್ಚಾಗಿ ವಿ ಆಕಾರದವು, ಅವುಗಳ ಟೆನ್ಷನರಿನಲ್ಲಿ ಹೊರಗೆ ಕಾಣುವ ಸ್ಪ್ರಿಂಗ್ ಮತ್ತು ಬೋಲ್ಟಿನಂತೆ ಹಲ್ಲುಗಳಿರುವ ರಾಡ್ ಇರುತ್ತವೆ. ಅಲ್ಲಿ ಅದಿರಿನ ಬದಲು ಹೊಟ್ಟಿನ ತೊಂದರೆ. ಹೊಟ್ಟು ಪುಲ್ಲಿಯ ಕಾಲುವೆಯಲ್ಲಿ ಗಟ್ಟಿಯಾಗಿ ಕೂತು ಬೆಲ್ಟನ್ನು ಮೇಲಕ್ಕೆತ್ತುತ್ತದೆ, ಬೇರಿಂಗಿನ ಬಳಿ ಸೇರಿದರೆ ಬಿಸಿಗೆ ಹೊತ್ತಿಕೊಳ್ಳಲೂಬಹುದು. ಬಿಗಿಗೆ ಪುಸ್ತಕದ ಅಳತೆ ಸಿಗದಾಗ ಒಂದು ಹಳೆಯ ಲೆಕ್ಕ ಉಪಯೋಗಕ್ಕೆ ಬರುತ್ತದೆ: ಎರಡು ಪುಲ್ಲಿಗಳ ನಡುವಿನ ಪ್ರತಿ 100 ಮಿ.ಮೀ. ಅಂತರಕ್ಕೆ, ನಡುವೆ ಒತ್ತಿದಾಗ ಬೆಲ್ಟು ಸುಮಾರು 1.6 ಮಿ.ಮೀ. ತಗ್ಗಬೇಕು. ಅಂತರ 500 ಮಿ.ಮೀ. ಇದ್ದರೆ 8 ಮಿ.ಮೀ. ತಗ್ಗಬೇಕಾಗುತ್ತದೆ. ಹೊಸ ವಿ ಬೆಲ್ಟು ಅರ್ಧ ಗಂಟೆ ಓಡಿದ ಮೇಲೆ ಕಾಲುವೆಯಲ್ಲಿ ಕೂತು ಸಡಿಲಾಗುವುದರಿಂದ ನಿಲ್ಲಿಸಿ ಮತ್ತೊಮ್ಮೆ ಬಿಗಿ ಮಾಡಬೇಕು. ಜೋಡಿ ಬೆಲ್ಟುಗಳಲ್ಲಿ ಒಂದು ಹರಿದರೆ ಎರಡನ್ನೂ ಬದಲಿಸಿ. ಹಳೆಯದು ಉದ್ದವಾಗಿರುವುದರಿಂದ ಹೊಸದೊಂದೇ ಇಡೀ ಭಾರ ಹೊರಬೇಕಾಗುತ್ತದೆ.

ಚಾಲೂ ಮಾಡಿದ ಮೇಲೆ

ಗಾರ್ಡುಗಳನ್ನು ಕೂರಿಸಿ, ಉಪಕರಣಗಳನ್ನು ಎಣಿಸಿ ಪೆಟ್ಟಿಗೆಗೆ ಹಾಕಿ, ನಂತರ ಎಂಜಿನ್ ಚಾಲೂ ಮಾಡಿ ಐದು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ತೋಳು ಸ್ಥಿರವಾಗಿದೆಯೇ, ಬೆಲ್ಟು ಪುಲ್ಲಿಯ ನಡುವೆಯೇ ಓಡುತ್ತಿದೆಯೇ, ಚಾರ್ಜಿಂಗ್ ದೀಪ ಆರಿದೆಯೇ ಎಂದು ನೋಡಿ. ಎಸಿ ಹಾಕಿ, ಹೆಡ್‌ಲೈಟ್ ಉರಿಸಿ ಭಾರ ಕೊಟ್ಟು ಮತ್ತೆ ಗಮನಿಸಿ, ತೋಳು ಒಂದಿಷ್ಟು ಸರಿದು ಅಲ್ಲಿಯೇ ನಿಲ್ಲಬೇಕು. ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ತೋಳು ನಿಂತ ಜಾಗಕ್ಕೆ ಹೊಸ ಬಿಳಿ ಗೆರೆ ಎಳೆಯಿರಿ. ಬೋಲ್ಟಿನ ತಲೆಯಿಂದ ಮೈಗೂ ಇನ್ನೊಂದು ಗೆರೆ ಎಳೆದರೆ ಬೋಲ್ಟು ಸಡಿಲಾದದ್ದು ದೂರದಿಂದಲೇ ತಿಳಿಯುತ್ತದೆ.

ಒಂದು ಪಾಳಿಯ ನಂತರ ಆ ಎರಡೂ ಗೆರೆಗಳ ಮೇಲಿನ ಧೂಳನ್ನು ಒರೆಸಿ ನೋಡಿ, ಆಮೇಲೆ ವಾರಕ್ಕೊಮ್ಮೆ ಗ್ರೀಸ್ ಹೊಡೆಯುವ ದಿನ ನೋಡಿದರೆ ಸಾಕು. ಅವರ್ ಮೀಟರಿನ ಅಂಕಿ, ದಿನಾಂಕ, ಬೆಲ್ಟಿನ ಸಂಖ್ಯೆ, ಬೇರಿಂಗಿನ ಸಂಖ್ಯೆ ಈ ನಾಲ್ಕನ್ನು ಬಾನೆಟ್ಟಿನ ಒಳಮೈಯಲ್ಲಿ ಪೇಂಟ್ ಮಾರ್ಕರಿನಿಂದ ಬರೆದಿಡಿ. ಮುಂದಿನ ಬಾರಿ ಬಾನೆಟ್ ಎತ್ತುವವರು ನೀವಲ್ಲದೆ ಬೇರೆ ಯಾರಾದರೂ ಆಗಿದ್ದರೆ, ಹಳೆಯ ಬೆಲ್ಟು ಎಷ್ಟು ಗಂಟೆ ದುಡಿದಿದೆ ಎಂಬುದು ಅವರಿಗೆ ಅಲ್ಲಿಯೇ ಸಿಗುತ್ತದೆ.